ಹದಿನೇಳನೇ ಟ್ಯೂಬಿನ ಉಗುಳು

ಆ ಮಳೆಗಾಲವನ್ನು ನಾನು ಹೆಂಗಸರ ಉಗುಳು ಕೂಡಿಸುತ್ತ ಕಳೆದೆ. ಸೋಮವಾರ ಹುಮನಾಬಾದಿನಲ್ಲಿ, ಗುರುವಾರ ಬಸವಕಲ್ಯಾಣದಲ್ಲಿ. ಬಾಯಿ, ಕಣ್ಣು ಒಣಗುವ ಕಾಯಿಲೆಯವರಿಗೆಂದು ಎರಡೂ ಊರಿನಲ್ಲಿ ವಾರಕ್ಕೊಮ್ಮೆ ತಪಾಸಣೆ ನಡೆಯುತ್ತಿತ್ತು. ರೋಗಿಗಳನ್ನು ನೋಡುವವರು ಹಲ್ಲಿನ ವೈದ್ಯರು. ನಾನು ವೈದ್ಯೆಯಲ್ಲ, ಜೀವರಸಾಯನ ಓದಿದವಳು. ರೋಗಿಯ ಉಗುಳು, ರಕ್ತ, ಕೆಳದುಟಿಯ ಒಳಗಿಂದ ತೆಗೆದ ಸಾಸಿವೆಯಷ್ಟು ಗ್ರಂಥಿ, ಇವನ್ನು ಜೋಪಾನ ಮಾಡಿ ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಏನು ಕೆಲಸ ಎಂದು ಕೇಳಿದ ನೆಂಟರು ಉತ್ತರ ಕೇಳಿ ಊಟದ ತಟ್ಟೆ ದೂರ ಸರಿಸುತ್ತಿದ್ದರು. ನನಗದರಿಂದ ಬೇಸರವಾಗುತ್ತಿರಲಿಲ್ಲ. ಈ ಕೆಲಸದಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬ ನನಗೆ ಆಗ ಬೇಕಾದಷ್ಟಿತ್ತು.

ಹುಮನಾಬಾದಿನಲ್ಲಿ ನಮಗೆ ಸಿಕ್ಕಿದ್ದು ಒಂದು ಖಾಸಗಿ ಆಸ್ಪತ್ರೆಯ ಹಿಂಬದಿಯ ಕೋಣೆ. ದಪ್ಪ ಕಲ್ಲಿನ ಗೋಡೆ, ಎತ್ತರದಲ್ಲಿ ಒಂದೇ ಕಿಟಕಿ. ಹೆದ್ದಾರಿಯಲ್ಲಿ ಲಾರಿ ಹಾದರೆ ನೆಲ ಸಣ್ಣಗೆ ನಡುಗುತ್ತಿತ್ತು, ಸದ್ದು ಮಾತ್ರ ಒಳಗೆ ಬರುತ್ತಿರಲಿಲ್ಲ. ಆ ಮೌನದಲ್ಲಿ ಮೊದಲ ದಿನವೇ ನನಗೆ ಕೇಳಿಸಿದ್ದು ನಾಲಿಗೆಗಳ ಸದ್ದು. ಬೆಂಚಿನ ಮೇಲೆ ಸಾಲಾಗಿ ಕೂತ ಹೆಂಗಸರ ಒಣ ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವಾಗ ಚಟ್ ಎನ್ನುತ್ತಿತ್ತು. ಮಾತಾಡುವಾಗ ಸರಿ, ಯಾರೂ ಮಾತಾಡದೆ ಕೂತಾಗಲೂ ಅದು ನಿಲ್ಲುತ್ತಿರಲಿಲ್ಲ. ಈ ತುದಿಯಿಂದ ಒಂದು ಚಟ್, ಆ ತುದಿಯಿಂದ ಇನ್ನೊಂದು. ಎರಡು ವಾರ ಕಳೆಯುವುದರೊಳಗೆ ಬಸ್ಸಿನಲ್ಲಿ ಕೂತರೂ ನನಗೆ ಅದೇ ಕೇಳಿಸತೊಡಗಿತು.

ನಾವು ಹುಡುಕುತ್ತಿದ್ದದ್ದು ಏನು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಪ್ರತಿ ಜೀವಕೋಶದೊಳಗೂ ಹಳೆಯ, ಕೆಟ್ಟುಹೋದ ಪ್ರೋಟೀನುಗಳನ್ನು ತುಂಡರಿಸುವ ಯಂತ್ರಗಳಿವೆ. ಪೀಪಾಯಿಯ ಆಕಾರ, ಹೆಸರು ಪ್ರೋಟಿಯಾಸೋಮ್. ಯಾವುದನ್ನು ತುಂಡರಿಸಬೇಕೋ ಅದರ ಮೈಮೇಲೆ ಮೊದಲು ಒಂದು ಗುರುತಿನ ಚೀಟಿ ಅಂಟುತ್ತದೆ. ತುಂಡಾದ ಚೂರುಗಳಲ್ಲಿ ಕೆಲವನ್ನು ಕೋಶವು ತನ್ನ ಹೊರಗೋಡೆಯ ಮೇಲಿಟ್ಟು ತೋರಿಸುತ್ತದೆ. ದೇಹದ ಕಾವಲು ಕೋಶಗಳು ಹಾದುಹೋಗುವಾಗ ಆ ಚೂರು ನೋಡಿ, ಒಳಗಿರುವವರು ನಮ್ಮವರೇ ಎಂದು ಮುಂದೆ ಸಾಗುತ್ತವೆ. ಆದರೆ ಉರಿಯೂತ ಶುರುವಾದರೆ ಆ ಪೀಪಾಯಿಯ ಹಲ್ಲುಗಳು ಬದಲಾಗುತ್ತವೆ. ಬೇರೆ ಹಲ್ಲು ಕಡಿದರೆ ಬೇರೆ ಚೂರು. ಕಾವಲಿನವರಿಗೆ ತಮ್ಮ ಮನೆಯೇ ಪರರ ಮನೆಯಂತೆ ಕಂಡು ಒಳನುಗ್ಗುತ್ತಾರೆ, ನುಗ್ಗಿದ್ದರಿಂದ ಉರಿಯೂತ ಹೆಚ್ಚುತ್ತದೆ, ಹೆಚ್ಚಿದ್ದರಿಂದ ಇನ್ನಷ್ಟು ಹಲ್ಲು ಬದಲಾಗುತ್ತವೆ. ಲಾಲಾರಸದ ಗ್ರಂಥಿಗಳು ಒಣಗಿಹೋಗುವುದು ಹೀಗೆಯೇ ಇರಬಹುದೇ ಎಂಬುದು ನಮ್ಮ ಪ್ರಶ್ನೆ. ಇದ್ದರೂ ಇರಬಹುದು, ಅದಕ್ಕಿಂತ ಹೆಚ್ಚು ಹೇಳಲು ಇವತ್ತಿಗೂ ನನಗೆ ಧೈರ್ಯವಿಲ್ಲ. ಇನ್ನೊಂದು ಸಂಗತಿ ಮೊದಲ ಸಲ ಓದಿದಾಗ ನನ್ನ ಮೈ ಜುಂ ಎಂದಿತ್ತು. ಆ ಚೀಟಿ ಅಂಟಿಸುವ ಪ್ರೋಟೀನುಗಳಲ್ಲಿ ಒಂದು ರೋ ಎಂಬ ಹೆಸರಿನ ಗುಂಪಿನದು. ಈ ಕಾಯಿಲೆಯ ಬಹಳ ಜನರ ರಕ್ತದಲ್ಲಿ ಅದರ ವಿರುದ್ಧವೇ ಪ್ರತಿಕಾಯಗಳಿರುತ್ತವೆ. ಕಸಕ್ಕೆ ಗುರುತು ಹಾಕುವವನಿಗೇ ದೇಹ ಗುರುತು ಹಾಕಿ ಇಟ್ಟಿರುತ್ತದೆ.

ಉಗುಳು ಕೊಡುವ ಕ್ರಮ ಸರಳ. ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಹದಿನೈದು ನಿಮಿಷ ತಲೆ ತಗ್ಗಿಸಿ ಕೂತು ಬಾಯಲ್ಲಿ ತಾನಾಗಿ ಕೂಡಿದ್ದನ್ನು ಗುರುತಿನ ಗೆರೆಗಳಿರುವ ಟ್ಯೂಬಿಗೆ ಬಿಡಬೇಕು. ಪುಸ್ತಕದ ಪ್ರಕಾರ ಇದು ನನ್ನ ಕಣ್ಣೆದುರೇ ನಡೆಯಬೇಕು. ಆದರೆ ನಮ್ಮ ಕಡೆಯ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿ ಸಾಯುತ್ತಿದ್ದರು. ಅದಕ್ಕೆ ನಾನೇ ಮೂಲೆಗೆ ಒಂದು ಪರದೆ ಕಟ್ಟಿಸಿ, ಜೊತೆಗೆ ಬಂದವರನ್ನೂ ಒಳಗೆ ಕೂರಿಸಿದೆ. ಆ ಪರದೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಹದಿನೇಳನೆಯವರು ಘಾಟಬೋರಾಳದಿಂದ ಬಂದ, ಐವತ್ತು ದಾಟಿದ ವಿಧವೆ. ಜೊತೆಗೆ ಸೊಸೆ ಬಂದಿದ್ದಳು. ತಲೆ ಮೇಲೆ ಸೆರಗು, ಕೇಳಿದ್ದಕ್ಕೆಲ್ಲ ಕತ್ತು ಆಡಿಸಿಯೇ ಉತ್ತರ. ಅತ್ತೆಗೆ ರೊಟ್ಟಿ ನುಂಗಲು ಪ್ರತಿ ತುತ್ತಿಗೂ ನೀರು ಬೇಕು, ಕಣ್ಣು ಉರಿಯುತ್ತದೆ ಎಂದು ಬರೆದುಕೊಂಡೆ. ಎಷ್ಟು ವರ್ಷದಿಂದ ಎಂದು ಕೇಳಿದೆ.

"ಲೆಕ್ಕ ಇಲ್ರಿ ಮೇಡಂ. ನಮ್ಮವರು ಹೋದಾಗ ಕಣ್ಣಾಗ ಒಂದ ಹನಿ ನೀರ ಬರಲಿಲ್ಲ. ಅತ್ತೇನಿ, ಬಾಯಿ ಬಿಟ್ಟ ಅತ್ತೇನಿ. ಗಂಡ ಸತ್ರೂ ಅಳಲಿಲ್ಲ ಅಂತ ಊರಾಗ ಇವತ್ತಿಗೂ ಅಂತಾರ."

ಅವರಿಬ್ಬರೂ ಪರದೆಯ ಹಿಂದೆ ಹೋದರು. ಹದಿನೈದು ನಿಮಿಷಕ್ಕೆ ಸೊಸೆ ತಂದುಕೊಟ್ಟ ಟ್ಯೂಬಿನಲ್ಲಿ ಉಗುಳು ಐದು ಮಿಲಿಲೀಟರಿನ ಗೆರೆ ಮುಟ್ಟಿತ್ತು. ಬಾಯಿ ಒಣಗಿದವರಿಂದ ಒಂದೂವರೆಯ ಗೆರೆ ದಾಟುವುದೂ ಅಪರೂಪ. ನಾನು ಏನು ಮಾಡಿದೆನೆಂದು ನಾಚಿಕೆ ಬಿಟ್ಟು ಹೇಳುತ್ತೇನೆ: 'ರೋಗಿ ಕಷ್ಟವನ್ನು ಹೆಚ್ಚು ಮಾಡಿ ಹೇಳುತ್ತಾರೆ' ಎಂದು ಕಾಗದದ ಅಂಚಿನಲ್ಲಿ ಬರೆದೆ. ಗಂಡನಿಗಾಗಿ ಅಳಲಿಲ್ಲ ಎಂದ ಊರಿನವರ ಸಾಲಿಗೆ ನಾನೂ ಹೋಗಿ ನಿಂತೆ.

ಮುಂದಿನ ವಾರ ಒಂದೊಂದೇ ವರದಿ ಬಂದವು. ಕಣ್ಣೀರು ಅಳೆಯಲು ರೆಪ್ಪೆಗೆ ಸಿಕ್ಕಿಸುವ ಕಾಗದದ ಪಟ್ಟಿ ಹೇಗೆ ಇಟ್ಟಿದ್ದರೋ ಹಾಗೇ ಒಣಗಿ ಬಂದಿತ್ತು. ತುಟಿಯ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ, ನಾಳಗಳ ಸುತ್ತ ಕಾವಲು ಕೋಶಗಳು ಸಾವಿನ ಮನೆಯ ಮುಂದೆ ಜನ ಸೇರಿದಂತೆ ಒತ್ತೊತ್ತಾಗಿ ನಿಂತಿದ್ದವು. ಉಳಿದರ್ಧ ಗ್ರಂಥಿಯನ್ನು ಅರೆದು, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ಲಿನಲ್ಲಿ ಓಡಿಸಿದಾಗ ಪೀಪಾಯಿಯ ಬದಲಾದ ಹಲ್ಲುಗಳ ಗೆರೆ ದಟ್ಟವಾಗಿ ಮೂಡಿತು. ಅಂದರೆ ಆಕೆಯ ಕಾಯಿಲೆ ಅಪ್ಪಟ ಸತ್ಯ. ರಕ್ತದಲ್ಲಿ ಮಾತ್ರ ರೋ ಪ್ರತಿಕಾಯ ಇರಲಿಲ್ಲ. ಕೆಲವರಲ್ಲಿ ಹಾಗಿರುತ್ತದೆ, ಅದು ಹೊಸದಲ್ಲ.

ಹೊಸದು ಉಗುಳು. ರೋ ಪ್ರತಿಕಾಯ ನೋಡುವುದಕ್ಕೆ ಒಂದು ಬಿಳಿ ಪಟ್ಟಿಯಿದೆ. ಅದನ್ನು ಪುಟ್ಟ ದೋಣಿಯಂಥ ತೊಟ್ಟಿಯಲ್ಲಿ ಮಲಗಿಸಿ, ಮಾದರಿ ಸುರಿದು, ತೂಗಿಸಿ, ಮೂರು ಸಲ ತೊಳೆದು, ಕೊನೆಗೆ ಬಣ್ಣದ ದ್ರಾವಣ ಹಾಕಿ ಕಾಯಬೇಕು. ಪ್ರತಿಕಾಯ ಇದ್ದರೆ ಆ ಜಾಗದಲ್ಲಿ ಗೆರೆ ಏಳುತ್ತದೆ. ಇದು ರಕ್ತಕ್ಕೆಂದು ಮಾಡಿದ ಪಟ್ಟಿ. ಉಗುಳಿಗೆ ಬೇಕಾದ ಹದವನ್ನು ನಾವೇ ತಿಂಗಳುಗಟ್ಟಲೆ ತಿಣುಕಿ ಕಂಡುಕೊಂಡಿದ್ದೆವು. ಆ ಮಧ್ಯಾಹ್ನ ಹದಿನೇಳರ ಎರಡು ಪಟ್ಟಿಗಳು ಅಕ್ಕಪಕ್ಕ ಮಲಗಿದ್ದವು, ರಕ್ತದ್ದೊಂದು, ಉಗುಳಿನದೊಂದು. ರಕ್ತದ ಪಟ್ಟಿ ಬೆಳ್ಳಗೆ ಉಳಿಯಿತು. ಉಗುಳಿನ ಪಟ್ಟಿಯಲ್ಲಿ ರೋ ಜಾಗದಲ್ಲಿ ಮೊದಲು ಮಂಜು ಕವಿದಂತಾಗಿ, ನೋಡನೋಡುತ್ತ ಕಡುನೇರಳೆ ಗೆರೆ ಎದ್ದಿತು.

"ಕಿಟ್ ಕೆಟ್ಟದ," ಎಂದೆ ನಾನು.

ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ನನ್ನ ಹಿಂದೆ ನಿಂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಣ್ಣಾರೆ ಎನ್ನುತ್ತಿದ್ದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಬಾಯಿ ಒಬ್ಬರದು, ಮೈ ಒಬ್ಬರದು ಆದಂಗ ಅದ ನೋಡ್ರಿ ಮೇಡಂ," ಎಂದರು.

ನಾನು ನಕ್ಕೆ. ಆ ದಿನದಿಂದ ಲೆಕ್ಕ ಹಾಕಿದರೆ ಇಪ್ಪತ್ಮೂರು ದಿನ ನಾನು ತಪ್ಪು ಜಾಗಗಳಲ್ಲಿ ತಡಕಾಡಿದೆ.

ಮರುದಿನ ಮತ್ತೆ ಮಾಡಿದೆ, ಅದೇ ಗೆರೆ. ಪಕ್ಕದ ತೊಟ್ಟಿಯಲ್ಲಿ ನನ್ನದೇ ಉಗುಳು ಹಾಕಿದೆ, ಬಿಳಿ. ಚೀಟಿ ಅದಲುಬದಲಾಗಿರಬಹುದೆಂದು ಹದಿನಾರು, ಹದಿನೆಂಟನ್ನು ತೆಗೆದು ಪರೀಕ್ಷಿಸಿದೆ. ಅವು ಅವರವರ ರಕ್ತಕ್ಕೆ ಹೊಂದಿದವು. ಹೈದರಾಬಾದಿನಿಂದ ಹೊಸ ಕಿಟ್ ತರಿಸಿದೆ. ಅದು ಬರಲು ಒಂಬತ್ತು ದಿನ. ಹೊಸ ಕಿಟ್ಟಿನಲ್ಲೂ ರಕ್ತ ಬಿಳಿ, ಉಗುಳಿಗೆ ಗೆರೆ. ಅಣ್ಣಾರು ಹದಿನೇಳರ ಟ್ಯೂಬನ್ನು ಎಲ್ಲವುಗಳ ಸಾಲಿನಿಂದ ತೆಗೆದು ಫ್ರೀಜರಿನ ಕೆಳಗಿನ ಅರೆಯಲ್ಲಿ ಒಂಟಿಯಾಗಿ ಇಟ್ಟುಬಿಟ್ಟರು. ಹಗಲುಹೊತ್ತಿನಲ್ಲೇ ಆ ಫ್ರೀಜರಿನ ಬಾಗಿಲು ತೆಗೆಯಲು ನನಗೆ ಒಂದು ಕ್ಷಣ ಬೇಕಾಗುತ್ತಿತ್ತು. ಆ ಟ್ಯೂಬಿನಲ್ಲಿ ಯಾರೋ ಇದ್ದಾರೆ ಎನ್ನಿಸುತ್ತಿತ್ತು. ವಿಜ್ಞಾನ ಓದಿದವಳು ಇದನ್ನು ಬರೆಯಬಾರದು, ಆದರೆ ಅನ್ನಿಸಿದ್ದು ಹೌದು.

ಬೀಗ ತೆರೆದದ್ದು ಊಟದ ಡಬ್ಬಿಯಿಂದ. ಅಣ್ಣಾರ ಹೆಂಡತಿ ನನಗೂ ಆಗಾಗ ಊಟ ಕಳಿಸುತ್ತಿದ್ದರು. ಆ ದಿನ ನಾನು ಡಬ್ಬಿಯನ್ನು ಚೆನ್ನಾಗಿ ತೊಳೆದು ಒರೆಸಿ ಮರಳಿಸಿದೆ. ಅಣ್ಣಾರು ಅದನ್ನು ಹಿಡಿದು ಸಂಕೋಚದಿಂದ ನಿಂತರು. ಆಮೇಲೆ ನಮ್ಮ ಚಹಾದ ಸಕ್ಕರೆ ಡಬ್ಬಕ್ಕೆ ಕೈ ಹಾಕಿ, ಒಂದು ಚಿಟಿಕೆ ಸಕ್ಕರೆ ಅದರೊಳಗೆ ಹಾಕಿಕೊಂಡರು.

"ಇದೇನ್ರಿ ಅಣ್ಣಾರೆ?"

"ಖಾಲಿ ಡಬ್ಬಿ ಒಯ್ದರ ಮನ್ಯಾಗ ಬೈತಾಳ್ರಿ. ಯಾರರೆ ಕೈಯಾಗ ಕೊಟ್ಟದ್ದು ಖಾಲಿ ಹ್ಯಾಂಗ ತಿರುಗಿ ಕೊಡಬೇಕು? ನಿಮಗ ಗೊತ್ತಿಲ್ಲೇನ?"

ಗೊತ್ತಿಲ್ಲದೆ ಏನು. ಕಲಬುರಗಿಯ ನಮ್ಮ ಓಣಿಯಲ್ಲಿ ನನ್ನ ತಾಯಿಯೂ ಹಾಗೇ ಮಾಡುತ್ತಿದ್ದಳು. ಪಕ್ಕದ ಮನೆಯ ಬಟ್ಟಲು ಖಾಲಿ ಹೋಗಿದ್ದನ್ನು ನಾನು ಕಂಡಿಲ್ಲ. ವರ್ಷಗಟ್ಟಲೆ ಹಾಸ್ಟೆಲಿನ ಅನ್ನ ತಿಂದು ಮರೆತಿದ್ದೆ. ನಾನು ಪರದೆಯ ಕಡೆ ನೋಡಿದೆ. ಆ ಪರದೆಯ ಹಿಂದೆ ಒಬ್ಬ ಹೆಂಗಸಿನ ಕೈಗೆ ನಾನು ಖಾಲಿ ಟ್ಯೂಬು ಕೊಟ್ಟು, ತುಂಬಿ ಕೊಡಿ ಎಂದಿದ್ದೆ. ಆಕೆಯ ಬಾಯಲ್ಲಿ ಒಂದು ಹನಿಯೂ ಇರಲಿಲ್ಲ. ಪಕ್ಕದಲ್ಲಿ ಸೊಸೆ ಕೂತಿದ್ದಳು.

ಊಹೆಯ ಮೇಲೆ ನಾನು ನಡೆಯುವವಳಲ್ಲ. ಅಣ್ಣಾರೇ ದಾರಿ ತೋರಿಸಿದರು. ಬಹಳ ಜನರ ಉಗುಳಿನಲ್ಲಿ ಅವರ ರಕ್ತದ ಗುಂಪಿನ ಅಂಶ ಇರುತ್ತದೆ, ಹಳೆಯ ಪದ್ಧತಿಯಲ್ಲಿ ಅದನ್ನು ನೋಡಬಹುದು ಎಂದರು. ಉಗುಳನ್ನು ಹತ್ತು ನಿಮಿಷ ಕುದಿಸಿ, ತಿರುಗಿಸಿ ತಿಳಿ ತೆಗೆದು, ಬಿ ಗುಂಪು ನೋಡುವ ದ್ರವದೊಂದಿಗೆ ಬೆರೆಸಿಟ್ಟರು. ಆಮೇಲೆ ಅದಕ್ಕೆ ಬಿ ಗುಂಪಿನ ರಕ್ತದ ಕಣ ಹಾಕಿದರು. ಹೋಲಿಕೆಗೆಂದು ಉಗುಳಿನ ಬದಲು ಉಪ್ಪುನೀರು ಬೆರೆಸಿಟ್ಟಿದ್ದ ಗಾಜಿನಲ್ಲಿ ಕಣಗಳು ಗಂಟುಗಟ್ಟಿದವು. ಹದಿನೇಳರ ಗಾಜಿನಲ್ಲಿ ಕಟ್ಟಲಿಲ್ಲ. ಉಗುಳಿನಲ್ಲಿದ್ದ ಬಿ ಅಂಶ ಆ ದ್ರವವನ್ನು ಮೊದಲೇ ಕುಡಿದು ಮುಗಿಸಿತ್ತು. ಘಾಟಬೋರಾಳದ ಅತ್ತೆಯ ರಕ್ತ ಓ ಗುಂಪಿನದು.

"ನಾ ಅಂದಿದ್ದೆ," ಎಂದರು ಅಣ್ಣಾರು. ಅವರ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ.

ನನಗೆ ಭಯ ಶುರುವಾದದ್ದು ಆಗ. ರೋ ಪ್ರತಿಕಾಯ ಹಾಗಾದರೆ ಸೊಸೆಯದು. ಅದು ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಬಂದು ಕೂತಿರಬಹುದು. ಬಾಯಿ ಒದ್ದೆಯಾಗೇ ಇರುತ್ತದೆ, ಹೆಂಗಸಿಗೆ ಏನೂ ಗೊತ್ತಾಗುವುದಿಲ್ಲ. ಬಸುರಿಯಾದರೆ ಆ ಪ್ರತಿಕಾಯ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ಬಹಳ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವು ಮಕ್ಕಳಲ್ಲಿ ಅದು ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಬಡಿತ ಒಯ್ಯುವ ಎಳೆಯನ್ನು ಸುಡುತ್ತದೆ. ಇದು ನಡೆಯುವುದು ಹೆಚ್ಚಾಗಿ ನಾಲ್ಕನೇ ತಿಂಗಳಿನಿಂದ ಆರನೇ ತಿಂಗಳಿನ ನಡುವೆ. ಎಳೆ ಪೂರ್ತಿ ಸುಟ್ಟ ಮೇಲೆ ಯಾವ ಔಷಧಿಯೂ ಅದನ್ನು ಮರಳಿ ತರುವುದಿಲ್ಲ.

ನಮ್ಮ ಸಂಶೋಧನಾ ಯೋಜನೆಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ, ಕಾಯಿದೆ ಬಲ್ಲವರು.

"ಆ ಮಾದರಿಯನ್ನು ಕೈಬಿಡಿ. ನಡೆದ ತಪ್ಪನ್ನು ಬರೆದಿಡಿ. ಆದರೆ ಆ ಹುಡುಗಿ ನಮಗೆ ಒಪ್ಪಿಗೆ ಬರೆದುಕೊಟ್ಟವಳಲ್ಲ. ಅವಳನ್ನು ಹುಡುಕಿಕೊಂಡು ಹೋಗಲು ನಮಗೆ ಹಕ್ಕಿಲ್ಲ. ಉಗುಳಿನ ಪಟ್ಟಿ ನೋಡಿ ಕಾಯಿಲೆ ಹೇಳುವಂತಿಲ್ಲ, ಇದು ನಿಮಗೂ ಗೊತ್ತು."

"ಗೊತ್ತು ಸರ್. ಅವಳು ಬಸುರಿಯಾಗಿದ್ದರೆ?"

"ಆಗಿದ್ದರೆ, ಅಂತ ನೀವೇ ಹೇಳ್ತಿದ್ದೀರಿ. ಮುಂದಿನ ತಿಂಗಳು ನೀತಿ ಸಮಿತಿ ಸೇರುತ್ತದೆ. ಅಲ್ಲಿಡೋಣ."

ಫೋನ್ ಇಟ್ಟೆ. ಮುಂದಿನ ತಿಂಗಳು ಎಂಬ ಮಾತು ಆ ಕೋಣೆಯಲ್ಲಿ ಬಹಳ ಹೊತ್ತು ಉಳಿಯಿತು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ನಾನು ಘಾಟಬೋರಾಳದ ಬಸ್ ಹತ್ತಿದೆ. ಕೆಲಸ ಹೋದರೆ ಹೋಗಲಿ ಎಂದು ಧೈರ್ಯ ಮಾಡಿದೆನೆಂದು ಯಾರೂ ತಿಳಿಯಬೇಡಿ. ಆ ಟ್ಯೂಬಿನ ಜೊತೆ ಇನ್ನೊಂದು ದಿನ ಅದೇ ಕೋಣೆಯಲ್ಲಿ ಕೂರಲು ನನ್ನಿಂದ ಆಗಲಿಲ್ಲ, ಅಷ್ಟೇ.

ಅತ್ತೆ ಪಡಸಾಲೆಯಲ್ಲಿ ಕೂತು ಹೊಸ ಹೆಸರುಕಾಳು ಆರಿಸುತ್ತಿದ್ದರು. ನನ್ನನ್ನು ನೋಡಿ ಮೊರ ಬದಿಗಿಟ್ಟರು. ನಾನು ಬಂದ ವಿಷಯ ಹೇಳಿದೆ.

"ನಂದೇ ಅದ್ರಿ ಅದು," ಎಂದರು ಮೊದಲು.

"ನಾ ಬಯ್ಯಾಕ ಬಂದಿಲ್ರಿ ಅವ್ವಾರೆ. ತಪ್ಪು ನಂದೂ ಅದ. ಖರೇ ಹೇಳ್ರಿ."

ಒಂದು ಚಟ್, ಇನ್ನೊಂದು ಚಟ್. ಆಮೇಲೆ ಮಾತು ಬಂತು.

"ಹದಿನೈದ ಮಿನಿಟ ಕುಂತೆ. ಬಾಯಾಗ ಏನೂ ಇಲ್ಲ. ನೀವು ಅಷ್ಟು ಚೊಲೊ ಮಾತಾಡಿಸಿ ಕೈಯಾಗ ಕೊಟ್ಟಿರಿ. ಖಾಲಿ ಹ್ಯಾಂಗ ಕೊಡ್ಲಿ? ಶರಮ್ ಆತು. ತುಂಬಿ ಕೊಡು ತಂಗಿ ಅಂತ ಸೊಸಿಗಿ ಅಂದೆ. ಆಕಿ ಒಲ್ಲೆ ಅಂದ್ಳು, ನಾನೇ ಒತ್ತಿ ಹೇಳಿದೆ."

"ಸೊಸಿ ಎಲ್ಲಿದ್ದಾಳ್ರಿ?"

"ತವರಿಗಿ ಕಳಿಸೀನ್ರಿ, ಕಲ್ಯಾಣಕ್ಕ."

"ಯಾಕ?"

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಬಸರಾಗ್ಯಾಳ್ರಿ, ಐದನೇ ತಿಂಗಳ ಹಿಡದದ. ಯಾರಿಗೂ ಹೇಳಿಲ್ಲ. ನಿಮ್ಮ ದವಾಖಾನಿಗಿ ಬಂದಾಗೂ ಇತ್ತು. ಹೋದ ಸಲ ಮೂರರಾಗೇ ಊರಿಗೆಲ್ಲಾ ಹೇಳಿ ಕೆಟ್ಟೆವು."

ಹೋದ ಸಲ ಏನಾಯಿತೆಂದು ಕೇಳಿದೆ.

"ಏಳರಾಗ ಹೋತ್ರಿ. ಕೂಸಿನ ಎದಿ ಬಡಿತ ಭಾಳ ಸಾವಕಾಶ ಅದ ಅಂದ್ರು ಡಾಕ್ಟರ. ಎಂಟ ದಿನಕ್ಕ ನಿಂತೇ ಹೋತು. ಊರಾಗ ಎಲ್ಲಾರೂ ಆಕಿ ಮ್ಯಾಲೇ ಹಾಕಿದ್ರು. ಕಾಲ್ಗುಣ ಅಂದ್ರು." ಮೊರದ ಕಾಳಿನ ಮೇಲೆ ಕೈಯಾಡಿಸುತ್ತ, "ನಾನೂ ಅಂದೀನಿ ಮೇಡಂ," ಎಂದರು.

ನಾನು ಗೊತ್ತಿದ್ದಷ್ಟು ಹೇಳಿದೆ. ಇದು ಕಾಲ್ಗುಣ ಅಲ್ಲ, ರಕ್ತದಲ್ಲಿರುವ ಒಂದು ವಸ್ತು, ಪರೀಕ್ಷೆ ಮಾಡಿ ನೋಡಬೇಕು, ಮಗುವಿನ ಹೃದಯವನ್ನು ವಾರ ವಾರ ನೋಡಬೇಕು. ಅವರು ಪೂರ್ತಿ ಕೇಳಲಿಲ್ಲ. ಮೊರದಲ್ಲಿದ್ದ ಕಾಳನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮೊದಲು ಅಂಗಳ ದಾಟಿದರು.

ಬಸವಕಲ್ಯಾಣದಲ್ಲಿ ಸೊಸೆಯ ತವರು ಕೋಟೆಯ ಬದಿಯ ಓಣಿಯಲ್ಲಿ, ಕಿರಾಣಿ ಅಂಗಡಿಯ ಹಿಂದಿನ ಮನೆ. ಮೋಡ ಕವಿದು ಮಧ್ಯಾಹ್ನವೇ ಒಳಗೆಲ್ಲ ಕತ್ತಲೆ. ಅವಳು ಗೋಡೆಗೆ ಒರಗಿ ಕೂತಿದ್ದಳು. ಮೊದಲ ಸಲ ಅವಳ ದನಿ ಕೇಳಿದ್ದು ಆಗ.

"ನನಗೇನೂ ಆಗಿಲ್ಲಲ್ರಿ ಮೇಡಂ. ಬಾಯಿ ಒಣಗಂಗಿಲ್ಲ, ಏನಿಲ್ಲ. ಕಣ್ಣಾಗಷ್ಟೇ ಉಸುಕು ಬಿದ್ದಂಗ ಆಗ್ತದ. ಒಂದ ವರ್ಷಾತು."

"ಯಾರಿಗರೆ ತೋರಿಸಿದ್ದೇನು?"

"ಕಣ್ಣಿಗಿ ಏನು ತೋರಸೋದ್ರಿ?"

ಹೇಳಬೇಕಾದ್ದನ್ನೆಲ್ಲ ಮತ್ತೆ ಹೇಳಿದೆ. ಇದು ನಮ್ಮ ಯೋಜನೆಗೆ ಅಲ್ಲ, ಬೇಡ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ ಎಂದೂ ಹೇಳಿದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಮುಖ ತಗ್ಗಿಸಿದ್ದರು.

"ಅಂದ್ರ ಹೋದ ಸಲದ್ದು ನನ್ನ ಕಾಲ್ಗುಣದ್ದಲ್ಲ?" ಎಂದಳು.

"ಅಲ್ಲವಾ."

ಅವಳು ಕುಪ್ಪಸದ ತೋಳು ಮೇಲೆ ಸರಿಸಿ ಕೈ ಚಾಚಿದಳು. "ತಗೋರಿ ರಕ್ತ."

ರಕ್ತವನ್ನು ಊರಿನ ಲ್ಯಾಬಿನಲ್ಲಿ ತೆಗೆಸಿ, ಆ ಸಂಜೆಯೇ ಪಟ್ಟಿಗೆ ಹಾಕಿದೆವು. ಗೆರೆ ಏಳಲು ಕಾಯಬೇಕಾಗಲಿಲ್ಲ. ದ್ರಾವಣ ಬಿದ್ದ ಕೂಡಲೇ ಎದ್ದಿತು. ಅವಳ ಗುಂಪು ಬಿ.

ಎರಡನೇ ದಿನ ಕಲಬುರಗಿಗೆ ಹೋದೆವು. ಹೊಟ್ಟೆಯೊಳಗಿನ ಮಗುವಿನ ಹೃದಯ ನೋಡುವ ವೈದ್ಯೆ ಕಿಟಕಿಯ ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿದರು. ಸ್ಕ್ಯಾನ್ ಯಂತ್ರದ ಪರದೆಯ ಮೇಲೆ ಬೂದು ಬಣ್ಣದಲ್ಲಿ ಏನೋ ಮಿಡುಕುತ್ತಿತ್ತು. ಅವರು ದನಿ ಹೆಚ್ಚಿಸಿದಾಗ ಕೋಣೆ ತುಂಬ ಓಡುವ ಹೆಜ್ಜೆಗಳಂಥ ಬಡಿತ. ಅತ್ತೆಯ ಕೈ ನನ್ನ ಮೊಣಕೈ ಹಿಡಿಯಿತು. ವೈದ್ಯೆ ಚಿತ್ರವನ್ನು ನಿಲ್ಲಿಸಿ, ಎರಡು ಗುರುತು ಇಟ್ಟು, ನಡುವಿನ ಕಾಲ ಅಳೆದರು. ಮತ್ತೆ ಅಳೆದರು. ಮೂರನೇ ಸಲ ಅಳೆಯುವಾಗ ಅವರು ಮಾತಾಡುವುದನ್ನು ನಿಲ್ಲಿಸಿದ್ದರು. ಬಡಿತ ಮಾತ್ರ ಓಡುತ್ತಲೇ ಇತ್ತು. ಅಂಥ ಮೌನದಲ್ಲಿ ಕೂರುವುದೇನೆಂದು ಆ ಹುಡುಗಿಗೆ ಮೊದಲೇ ಗೊತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಬಡಿತ ಯಾವುದೂ ತಪ್ಪಿಲ್ಲ," ಎಂದರು ವೈದ್ಯೆ ಕೊನೆಗೆ. "ಮೇಲಿಂದ ಕೆಳಗೆ ಎಲ್ಲವೂ ತಲುಪ್ತಾ ಇದೆ. ಆದರೆ ಇರಬೇಕಾದ್ದಕ್ಕಿಂತ ತಡವಾಗಿ ತಲುಪ್ತಾ ಇದೆ."

ಅಂದರೆ ಎಳೆಗೆ ಬಿಸಿ ತಾಗಿತ್ತು. ಮಾತ್ರೆ ಬರೆದುಕೊಟ್ಟರು, ಖಂಡಿತ ಕೆಲಸ ಮಾಡುತ್ತದೆ ಎಂಬ ಭರವಸೆ ಕೊಡಲಿಲ್ಲ. ಪ್ರತಿ ವಾರ ಬರಬೇಕು ಎಂದರು. ಹೊರಗೆ ಬಂದ ಮೇಲೆ ನಾನೊಬ್ಬಳೇ ಮತ್ತೆ ಒಳಗೆ ಹೋಗಿ, ಮೂರು ವಾರದ ಹಿಂದೆ ಬಂದಿದ್ದರೆ ಈ ತಡ ಕಾಣುತ್ತಿತ್ತೇ ಎಂದು ಕೇಳಿದೆ. "ಅದನ್ನು ಯಾರೂ ಹೇಳಲಾರರು," ಎಂದರು ಅವರು. ನನಗೆ ಅದರಿಂದ ಸಮಾಧಾನವೂ ಆಗಲಿಲ್ಲ, ಶಿಕ್ಷೆಯೂ ಆಗಲಿಲ್ಲ.

ಆಮೇಲಿನದು ವಾರಗಳ ಲೆಕ್ಕ. ಪ್ರತಿ ಮಂಗಳವಾರ ಅತ್ತೆ, ಸೊಸೆ ಕಲಬುರಗಿಗೆ ಹೋಗಿ ಬಂದು ನನಗೆ ಫೋನ್ ಮಾಡುತ್ತಿದ್ದರು. "ಅಷ್ಟೇ ಅದ ಅಂದ್ರು" ಎಂಬ ಮೂರು ಮಾತು ಕೇಳುವವರೆಗೆ ನನಗೆ ಊಟ ಇಳಿಯುತ್ತಿರಲಿಲ್ಲ. ಈ ನಡುವೆ ನಾನು ಪರದೆ ತೆಗೆಸಿದೆ. ಎಲ್ಲ ಟ್ಯೂಬುಗಳ ಉಗುಳಿನಲ್ಲಿ ರಕ್ತದ ಗುಂಪು ನೋಡಿದರೆ ಇನ್ನೂ ನಾಲ್ಕು, ಬೇರೆಯವರ ಬಾಯಿಂದ ಬಂದವು. ಖಾಲಿ ಕೊಡಲಾರದ ಇನ್ನೂ ನಾಲ್ವರು. ಉಗುಳಿನ ಭಾಗವನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಸಮಿತಿಗೆ ನಾನು ಮಾಡಿದ್ದನ್ನು ಇದ್ದ ಹಾಗೇ ಬರೆದುಕೊಟ್ಟೆ. ಅವರು ಎಚ್ಚರಿಕೆಯ ಪತ್ರ ಕೊಟ್ಟರು. ಅದು ನ್ಯಾಯವೇ. ಅತ್ತೆಯ ಕಾಗದದ ಅಂಚಿನಲ್ಲಿದ್ದ ನನ್ನ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ.

ಹೆಣ್ಣು ಮಗು ಹುಟ್ಟಿತು. ಹುಟ್ಟಿದ ದಿನವೇ ಇಸಿಜಿ ತೆಗೆದರು. ಆ ತಡ ಹಾಗೇ ಇದೆ, ಹೆಚ್ಚಿಲ್ಲ, ಹೋಗಿಯೂ ಇಲ್ಲ. ವರ್ಷಗಟ್ಟಲೆ ನೋಡುತ್ತಿರಬೇಕು ಎಂದಿದ್ದಾರೆ.

ಒಂದು ಗುರುವಾರ ಬಸವಕಲ್ಯಾಣದ ಕೆಲಸ ಮುಗಿಸಿ ನಾನು ಆ ಮನೆಗೆ ಹೋದೆ. ಅತ್ತೆ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ನನ್ನ ಎರಡು ಬೆರಳು ತಾವಾಗಿಯೇ ಅದರ ಎದೆಗೆ ಹೋದವು. ಸೊಸೆ ಎದುರಿಗೆ ಕೂತು ನನ್ನ ಬೆರಳನ್ನೇ ನೋಡುತ್ತಿದ್ದಳು.

"ಮೇಡಂ, ಒಂದ ಮಾತ ಕೇಳಬೇಕಾಗಿತ್ತು. ಆ ಗೆರಿ ನಿಮಗ ಮೊದಲ ಸಲ ಕಂಡಿದ್ದು ಯಾವಾಗ್ರಿ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ತಿಳಿಯುವ ದಾರಿಯಿರಲಿಲ್ಲ.

"ನಿನ್ನ ಮನಿಗಿ ಬರೋಕಿಂತ ಇಪ್ಪತ್ಮೂರು ದಿನ ಮೊದಲವಾ. ಕಂಡಿತ್ತು. ನಾ ನಂಬಲಿಲ್ಲ."

ಅವಳು ಎದ್ದು ಬಂದು, ನನ್ನ ಬೆರಳನ್ನು ಮೆಲ್ಲಗೆ ಸರಿಸಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.